ಕಯಾಂಬೆಯ ಎಲೆಕೋಸು

ನನ್ನ ಮೊದಲ ಗುಲಾಬಿಯನ್ನು ನೋಡಿ
ಮಾಸ್ತರು ಎಲಿಸೆಯೊ ಕೇಳಿದರು:
ಚೆನ್ನಾಗಿದೆ. ಯಾರ ಹೊಲದ ಎಲೆಕೋಸು?

ನಗಬೇಡಿ. ಹನ್ನೊಂದು ವರ್ಷ
ಈ ಊರಿನ ಹೂವನ್ನು ಕೀಟೊ ವಿಮಾನಕ್ಕೆ ಹೊತ್ತವನು ನಾನು.
ಎರಡು ಡಿಗ್ರಿಯ ಡಬ್ಬಿ ಲಾರಿ,
ನಡುರಾತ್ರಿ ಹೊರಟರೆ ಕೋಳಿ ಕೂಗುವ ಮುಂಚೆ ವಾಪಸು.
ರಟ್ಟಿನ ತೂಕ ಗೊತ್ತು, ಪಟ್ಟಿಯ ಬಿಗಿ ಗೊತ್ತು,
ಪೆಟ್ಟಿಗೆಯ ಯಾವ ಮೂಲೆ ಮೊದಲು ಜಜ್ಜುತ್ತದೆ ಗೊತ್ತು.
ಒಳಗೆ ಏನಿದೆ ಎಂದು
ತೂಕದ ಕಟ್ಟೆಯವನೂ ಕೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ.

ಮಂಗಳವಾರ ಸಂಜೆ, ಇಗರ್ಜಿಯ ಹಿಂದಿನ ಕೋಣೆ.
ಕಿಟಕಿಯಲ್ಲಿ ಹಿಮದ ಬೆಟ್ಟ, ಗಾಳಿಯಲ್ಲಿ ಹನಿ ನೀರಿಲ್ಲ.
ಇಲ್ಲಿ ಅಕ್ರಿಲಿಕ್ ಹಚ್ಚುವುದೆಂದರೆ
ಮುಚ್ಚುತ್ತಿರುವ ಬಾಗಿಲಲ್ಲಿ ಕಾಲಿಟ್ಟ ಹಾಗೆ.
ಎಸಳಿನ ಅಂಚಲ್ಲಿ ಒಂದು ಕೆಂಪು ಇನ್ನೊಂದು ಕೆಂಪಿಗೆ
ಗೊತ್ತಾಗದಂತೆ ಜಾರಬೇಕು;
ಕುಂಚ ತೊಳೆದು ತಿರುಗುವಷ್ಟರಲ್ಲಿ
ಅಂಚು ಗಟ್ಟಿ, ಜಾರುವುದೇನು, ಉಗುರಿಗೂ ಬಗ್ಗದು.
ಸಾರ್ಡೀನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ
ಅದರ ಮೇಲೆ ಬೇಕರಿ ಕಾಗದ, ಅದರ ಮೇಲೆ ಬಣ್ಣ.
ಹತ್ತು ನಿಮಿಷ ಹೆಚ್ಚು ಸಿಕ್ಕಿತು.
ಹತ್ತು ನಿಮಿಷದಲ್ಲಿ ಇನ್ನೂ ದೊಡ್ಡ ಕೋಸು ಆಯಿತು.

ಆಮೇಲೆ ಕೆಂಪು. ಅದರ ಕತೆ ಬೇರೆ.
ಟ್ಯೂಬಿನಿಂದ ಹೊರಬಂದಾಗ ರಕ್ತ,
ಕ್ಯಾನ್ವಾಸಿನ ಮೇಲೆ ತೆಳು ಜೆಲ್ಲಿ, ಹಿಂದಿನ ಪೆನ್ಸಿಲ್ ಗೆರೆ ಇಣುಕುತ್ತದೆ.
ಬೆಳಕು ಬೀಳಲಿ ಎಂದು ಬಿಳಿ ಬೆರೆಸಿದೆ:
ಗುಲಾಬಿ ಬಣ್ಣ ಬಂತು,
ಗುಲಾಬಿ ಹೋಯಿತು.
ನೆರಳಿಗೆ ಕಪ್ಪು ಬೆರೆಸಿದೆ: ಟೈರು.
ಸರಿಯಾದ ಕೆಂಪು ಸಿಕ್ಕಿದ ಒಂದು ದಿನ
ಕಾಫಿ ಕುಡಿದು ಬಂದು ನೋಡಿದರೆ ಒಂದು ಮೆಟ್ಟಿಲು ಕೆಳಗಿಳಿದು ಕಂದಾಗಿತ್ತು.
ಹಸಿಯಲ್ಲಿ ಕೊಟ್ಟ ಮಾತು
ಒಣಗಿದ ಮೇಲೆ ಇಲ್ಲ.

ಪಕ್ಕದ ಸ್ಟೂಲಿನಲ್ಲಿ ದೆಲ್ಫಿನಾ ಕಿಲುಂಬಾಕಿನ್.
ಪ್ಲಾಸ್ಟಿಕ್ ಮನೆಗಳ ಸಾಲಿನಲ್ಲಿ
ಹತ್ತೊಂಬತ್ತು ವರ್ಷದಿಂದ ಹೂ ಬಿಡಿಸುವವಳು.
ಹೂ ಬಿಡಿಸಲು ಅವಳಿಗೂ ಬರುತ್ತಿಲ್ಲ.
ಮೊಗ್ಗಾದರೆ ಸರಸರ ಮೂಡುತ್ತದೆ,
ಮುಚ್ಚಿದ ಬಾಯಿ, ನೆಟ್ಟಗಿನ ಕತ್ತು, ಅಳತೆಗೆ ಒಂದು ಬೆರಳು ಹೆಚ್ಚಿಲ್ಲ.
ಅರಳಿಸು ಎನ್ನುತ್ತಾರೆ ಮಾಸ್ತರು.
ಅವಳ ಕೈ ನಿಂತುಬಿಡುತ್ತದೆ.
ಅರಳಿದ್ದು ಕಂಡರೆ ಕತ್ತರಿಸಿ ಹಿಂದಕ್ಕೆಸೆಯಬೇಕು,
ಹತ್ತೊಂಬತ್ತು ವರ್ಷ ಅದೇ ತಾನೇ ಕೆಲಸ?
ಅರಳಿದ್ದು ಎಂದರೆ ತಡವಾದದ್ದು,
ಕೂಲಿಯಲ್ಲಿ ಮುರಿದುಕೊಂಡದ್ದು.

ಮುಂದಿನ ವಾರ ಅವಳು ಶಾಲಿನಡಿಯಲ್ಲಿ ಒಂದನ್ನು ತಂದಳು,
ಎಸೆದದ್ದೇ, ಕತ್ತು ಸೊಟ್ಟ,
ಹೊರ ಎಸಳಲ್ಲಿ ಬೂದು ಚುಕ್ಕೆ.
ಮೊಸರಿನ ಲೋಟದಲ್ಲಿ ನಿಲ್ಲಿಸಿ ಇಬ್ಬರೂ ನೋಡಿದೆವು.
ಎಷ್ಟು ಹೊತ್ತು ನೋಡಿದೆವೆಂದರೆ
ಕುಂಚಗಳೆರಡೂ ಕಡ್ಡಿಯಾದವು.

ಅದರ ನಟ್ಟನಡುವೆ ಕೆಂಪೇ ಇರಲಿಲ್ಲ ಸ್ವಾಮಿ.
ಕತ್ತಲೆ, ಹಸಿರು ತಾಗಿದ ಕತ್ತಲೆ,
ಲಾರಿಯ ಬಾಗಿಲು ಹಾಕಿದ ಮೇಲೆ ಒಳಗಿರುವಂಥದ್ದು.
ಮೊದಲು ಅದನ್ನೇ ಬಳಿದೆ. ಒಣಗಲಿ ಎಂದೆ,
ಮೊದಲ ಸಲ, ಬೇಗ ಒಣಗಲಿ ಎಂದೆ.
ಅದರ ಮೇಲೆ ನೀರು ಬೆರೆಸಿದ ಕೆಂಪು, ಒಣಗಿದ ಮೇಲೆ ಮತ್ತೊಂದು,
ಹಾಳೆಯ ಮೇಲೆ ಹಾಳೆ, ಏಳು ಮಂಗಳವಾರ.
ಇವತ್ತಿಗೂ ಎಡಗಡೆ ಕೋಸೇ.
ಬಲಗಡೆ ಒಂದೇ ಒಂದು ಎಸಳು,
ಕೈ ನಡುಗಿ ತಪ್ಪಾಗಿ, ಸರಿಪಡಿಸುವ ಮೊದಲೇ ಒಣಗಿಹೋದದ್ದು,
ಹಿಂದಕ್ಕೆ ಮಡಚಿಕೊಂಡಿದೆ.

ಮಾಸ್ತರು ಬಂದು ನಿಂತರು, ಏನೂ ಹೇಳಲಿಲ್ಲ.
ದೆಲ್ಫಿನಾ ಎದ್ದು ಬಂದಳು.
ಕ್ಯಾನ್ವಾಸನ್ನು ದೀಪಕ್ಕೆ ಹಿಡಿದು
ಹೆಬ್ಬೆರಳಿನಿಂದ ಆ ಎಸಳನ್ನು ಒತ್ತಿ ನೋಡಿದಳು,
ಶೆಡ್ಡಿನಲ್ಲಿ ನೋಡುವ ಹಾಗೇ.

ಇದನ್ನು ನಾನು ಎಸೆಯುತ್ತಿದ್ದೆ, ಎಂದಳು.